ಷೇರು ಯಾವುದು, ಸಟ್ಟಾ ಯಾವುದು?

ಅಡಿಕೆ ಮಾರಿದ ಹಣ ಕೈಗೆ ಬರುವ ದಿನಗಳಲ್ಲಿ ಷೇರುಪೇಟೆಯ ಮಾತು ಈಗ ಗಾಜನೂರಿನ ಕಡೆಯ ಮನೆಗಳಲ್ಲೂ ಕೇಳಿಬರುತ್ತಿದೆ. ಬೆಳೆಗಾರ ಬಾಂಧವರು ಹಣ ತೊಡಗಿಸುವ ಮುನ್ನ ಈ ವ್ಯವಹಾರದ ಪೂರ್ವಚರಿತ್ರೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಷೇರು ನಮಗೆ ಹೊಸದಲ್ಲ. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಹುಟ್ಟಿದ್ದೇ ಬೆಳೆಗಾರರ ಷೇರು ಹಣದಿಂದ. ಆದರೆ ಸಹಕಾರ ಸಂಘದಲ್ಲಿ ಎಷ್ಟೇ ಷೇರಿದ್ದರೂ ಸದಸ್ಯನಿಗೆ ಒಂದೇ ಮತ. ಷೇರಿನ ಬೆಲೆ ಪೇಟೆಯಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕಂಪನಿಯಲ್ಲಿ ಹಾಗಲ್ಲ. ಷೇರು ಹೆಚ್ಚಿದಷ್ಟೂ ಮತ ಹೆಚ್ಚು. ಬೆಲೆ ದಿನದಿನವೂ ಬದಲು.

ಕಂಪನಿಯ ಷೇರು ಕೊಂಡವನು ಅದರ ಪಾಲುಗಾರ. ಲಾಭದಲ್ಲಿ ಪಾಲಿರುವಂತೆ ನಷ್ಟದಲ್ಲಿಯೂ ಪಾಲುಂಟು. ನಮ್ಮ ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆಯನ್ನೇ ನೋಡಿ. 1936ರಲ್ಲಿ ಸ್ಥಾಪನೆಯಾಗಿ 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಸರ್ಕಾರದ ಜೊತೆಗೆ ಸಾರ್ವಜನಿಕರೂ ಅದರ ಷೇರುದಾರರು. 2015ರಲ್ಲಿ ಉತ್ಪಾದನೆಯೇ ನಿಂತಿತು. ಹೆಸರು ಹಳೆಯದು, ಸರ್ಕಾರದ ಬೆಂಬಲವಿದೆ ಎಂದ ಮಾತ್ರಕ್ಕೆ ಷೇರು ಭದ್ರವಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ನೀಡಿದಾಗ ಅಷ್ಟಕ್ಕೂ ಕೊಳ್ಳುವವರು ಸಿಕ್ಕಲಿಲ್ಲ. ಕೊಂಡು ಇಟ್ಟುಕೊಂಡವರಿಗೆ 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್ ಷೇರು ದೊರೆಯಿತು. ಅಂದರೆ 100 ಷೇರು 800 ಆಯಿತು. ಅಡಿಕೆ ಸಸಿ ನೆಟ್ಟವನು ಫಸಲಿಗೆ ವರ್ಷಗಟ್ಟಲೆ ಕಾಯುವ ಹಾಗೆ ಇವರು ಕಾದರು. ಆದರೆ ನೆಟ್ಟ ಸಸಿಯೆಲ್ಲ ಮರವಾಗುವುದಿಲ್ಲವೆಂಬುದೂ ನಮಗೆ ಗೊತ್ತಿದ್ದದ್ದೇ.

ಸಟ್ಟಾದ ದಾರಿ ಬೇರೆ. ಅಲ್ಲಿ ಕಂಪನಿಯ ಯೋಗ್ಯತೆಯನ್ನು ಕೇಳುವವರಿಲ್ಲ. ನಾಳೆಯ ಬೆಲೆಯ ಮೇಲೆ ಪಂದ್ಯ. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬೆಲೆ ಬಂದಾಗ ಮುಂಬಯಿಯಲ್ಲಿ ಹಣ ಹರಿದಾಡಿತು, ಹೊಸ ಕಂಪನಿಗಳ ಷೇರಿಗೆ ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು ಮನೆಮನೆಗಳು ದಿವಾಳಿಯಾದವು. 1992ರ ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ 4,467ಕ್ಕೆ ಏರಿದ್ದಾಗಲೂ ಹರ್ಷದ್ ಮೆಹ್ತಾ ಹಗರಣ ಹೊರಬಿದ್ದು, ವರ್ಷ ತಿರುಗುವಷ್ಟರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಏರಿಕೆಯ ಕೊನೆಯಲ್ಲಿ ಬಂದವರಿಗೇ ಪೆಟ್ಟು ಹೆಚ್ಚು.

ಈಗ ಫೋನಿನಲ್ಲಿಯೇ ನಡೆಯುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಇನ್ನೂ ಅಪಾಯದ್ದು. ವಾಯಿದೆ ವ್ಯವಹಾರಕ್ಕೆ ಅದರದೇ ಉಪಯೋಗವುಂಟು. ಕಾಫಿ ವ್ಯಾಪಾರಸ್ಥರು ಬೆಲೆ ಇಳಿತದಿಂದ ಪಾರಾಗಲು ಲಂಡನ್, ನ್ಯೂಯಾರ್ಕ್ ಪೇಟೆಗಳಲ್ಲಿ ಅದನ್ನು ಬಳಸುತ್ತಾರೆ. ಸರಕೇ ಇಲ್ಲದವನು ಕೈಹಾಕಿದರೆ ಅದು ಬರಿಯ ಪಂದ್ಯ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಪೇಟೆಯ ಈ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ನಷ್ಟಕ್ಕೊಳಗಾದರೆಂದೂ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೀರಿತೆಂದೂ ಸೆಬಿ ಲೆಕ್ಕ ಹಾಕಿದೆ. ಚೇಣಿ ಹಿಡಿಯುವವನು ಸಹ ತೋಟಕ್ಕೆ ಬಂದು ಗೊನೆ ಎಣಿಸಿ ಬೆಲೆ ಹೇಳುತ್ತಾನೆ. ಇಲ್ಲಿ ಆ ಗೊನೆಯೂ ಕಣ್ಣಿಗೆ ಕಾಣದು.

ಆದ್ದರಿಂದ ಬಾಂಧವರಲ್ಲಿ ನಮ್ಮ ವಿನಂತಿ: ಗೊಬ್ಬರ, ಕೊಯ್ಲಿನ ಕೂಲಿ, ಸಂಘದ ಸಾಲದ ಕಂತು, ಮಕ್ಕಳ ಓದು, ಕೊಳೆರೋಗದ ವರ್ಷಕ್ಕೆಂದು ಒಂದಿಷ್ಟು, ಇವನ್ನು ಮೊದಲು ತೆಗೆದಿರಿಸಿ. ಉಳಿದುದರಲ್ಲಿ ಐದಾರು ವರ್ಷ ಮುಟ್ಟದೆ ಇರಬಲ್ಲಷ್ಟನ್ನು ಮಾತ್ರ ಷೇರಿಗೆ ಹಾಕಿ. ಒಂದೇ ಕಂಪನಿಗೆ ಸುರಿಯಬೇಡಿ. ತೋಟದ ಮೇಲೆ ಸಾಲ ತಂದು ಮಾತ್ರ ಎಂದೂ ಷೇರು ಕೊಳ್ಳಬೇಡಿ. ಷೇರಿನ ಬೆಲೆ ಇಳಿದು ಮತ್ತೆ ಏರಬಹುದು. ಹರಾಜಾದ ತೋಟ ಮರಳಿ ಬರುವುದಿಲ್ಲ.