ಕೊಟ್ಟ ಮೇಲೆ ಮತ್ತೊಮ್ಮೆ ಹೋಗಿರಿ



ಕೆಲವು ವರ್ಷಗಳ ಹಿಂದೆ ಕಾರ್ಕಳದ ಕಡೆಯ ಒಬ್ಬ ವಿಧವೆ ಸಹೋದರಿಗೆ ನಾವು ಕೆಲವರು ಸೇರಿ ಝಕಾತ್‌ನ ಹಣದಿಂದ ಹೊಲಿಗೆ ಯಂತ್ರ ಕೊಡಿಸಿದೆವು. ಮರುವರ್ಷದ ರಮಝಾನ್‌ನಲ್ಲಿ ಅವರು ಪುನಃ ಸಹಾಯ ಕೇಳುವವರ ಸಾಲಿನಲ್ಲಿ ನಿಂತಿದ್ದರು. "ಯಂತ್ರ ಏನಾಯಿತು?" ಎಂದು ತುಸು ಗಡಸಾಗಿಯೇ ಕೇಳಿದೆ. "ಮಂಚದ ಅಡಿಯಲ್ಲಿದೆ ಉಸ್ತಾದರೇ. ಹೊಲಿಯಲು ಬರುತ್ತದೆ, ಬಟ್ಟೆ ಕತ್ತರಿಸಲು ಬರುವುದಿಲ್ಲ" ಎಂದರು. ಅದನ್ನು ಕಲಿಸಲು ಒಂದು ತಿಂಗಳು ಸಾಕಿತ್ತು. ಆದರೆ ಹನ್ನೆರಡು ತಿಂಗಳಲ್ಲಿ ನಾವ್ಯಾರೂ ಆ ಮನೆಗೆ ಹೋಗಿರಲಿಲ್ಲ, ನಮ್ಮ ಮನೆಯ ಹೆಂಗಸರನ್ನೂ ಕಳುಹಿಸಿರಲಿಲ್ಲ. ತಪ್ಪು ಅವರದಲ್ಲ, ನಮ್ಮದು.

ಪ್ರವಾದಿವರ್ಯರ(ಸ) ಕ್ರಮ ಹೇಗಿತ್ತು? ಅನಸ್‌(ರ)ರಿಂದ ವರದಿಯಾಗಿ ಅಬೂದಾವೂದ್‌ನಲ್ಲಿರುವ ಹದೀಸನ್ನು ನೀವು ಕೇಳಿರಬಹುದು. ಬೇಡಲು ಬಂದ ಅನ್ಸಾರಿಯ ಮನೆಯಲ್ಲಿ ಇದ್ದುದು ಒಂದು ಒರಟು ಹೊದಿಕೆ, ನೀರು ಕುಡಿಯುವ ಒಂದು ಬಟ್ಟಲು. ಪ್ರವಾದಿ(ಸ) ಅವನ್ನು ತರಿಸಿ ಎರಡು ದಿರ್ಹಮ್‌ಗೆ ಹರಾಜು ಹಾಕಿದರು. ಒಂದು ದಿರ್ಹಮ್ ಮನೆಯವರ ಊಟಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಕಟ್ಟಿಗೆ ಮಾರಲು ಹೇಳಿ ಹದಿನೈದು ದಿನಗಳ ಗಡುವು ಕೊಟ್ಟರು. ಆತ ಹತ್ತು ದಿರ್ಹಮ್ ಗಳಿಸಿ ಮರಳಿ ಬಂದ.

ಇಲ್ಲಿ ಮೂರು ವಿಷಯಗಳಿವೆ: ಇಂದಿನ ಹಸಿವಿಗೆ ಅನ್ನ, ನಾಳೆಯ ದುಡಿಮೆಗೆ ಸಾಧನ, ಗಡುವು ಮುಗಿದ ಮೇಲೆ ವಿಚಾರಣೆ. ಮೊದಲೆರಡನ್ನು ನಾವು ಮಾಡುತ್ತೇವೆ, ಮೂರನೆಯದನ್ನು ಮರೆಯುತ್ತೇವೆ.

ನಮ್ಮವರು ಅನೇಕರು ದುಡಿಯುತ್ತಿರುವ ಕುವೈತ್‌ನಲ್ಲಿ ಡಾ. ಅಬ್ದುರ್ರಹ್ಮಾನ್ ಅಸ್ಸುಮೈತ್ ಎಂಬ ವೈದ್ಯರಿದ್ದರು. ಮಸೀದಿ ಕಟ್ಟಿಸುವ ಕೆಲಸಕ್ಕಾಗಿ ಆಫ್ರಿಕಾದ ಮಲಾವಿಗೆ ಹೋದವರು ಅಲ್ಲಿನ ಹಳ್ಳಿಗಳ ಬಡತನ ಕಂಡರು. ಹಣ ಕಳುಹಿಸಿ ಸುಮ್ಮನಿರಬಹುದಿತ್ತು. ಆದರೆ ಮಧುಮೇಹವಿದ್ದರೂ ಸುಮಾರು ಮೂರು ದಶಕಗಳ ಕಾಲ ಮತ್ತೆ ಮತ್ತೆ ಆ ಹಳ್ಳಿಗಳಿಗೆ ಹೋದರು. ಬಾವಿ ತೋಡಿಸಿದರು, ಶಾಲೆ ಕಟ್ಟಿಸಿದರು, ಅನಾಥರನ್ನು ಸಾಕಿದರು. 1996ರ ಕಿಂಗ್ ಫೈಸಲ್ ಪ್ರಶಸ್ತಿಯ ಹಣವನ್ನೂ ಆಫ್ರಿಕಾದ ಮಕ್ಕಳ ಶಿಕ್ಷಣಕ್ಕೆ ಕೊಟ್ಟರು. 2013ರಲ್ಲಿ ಅವರು ನಿಧನರಾದರು.

ನಮ್ಮ ಊರಿನಲ್ಲೂ ಒಂದು ಪಾಠವಿದೆ. ಕೈಮಗ್ಗದವರ ಸಂಕಷ್ಟ ಕಂಡು 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ಅದರವರು ದಿನಕ್ಕೆ ಎರಡಾಣೆಗಾಗಿ ಬಡವರ ಬಾಗಿಲಿಗೆ ಹೋಗುತ್ತಿದ್ದರು. ಬಡ್ಡಿ ನಮಗೆ ನಿಷಿದ್ಧ. ಆದರೆ ಎರಡಾಣೆಗಾಗಿ ದಿನವೂ ಹೋಗುವವರಿದ್ದಾಗ, ಅಲ್ಲಾಹನ ಸಂಪ್ರೀತಿಗಾಗಿ ತಿಂಗಳಿಗೊಮ್ಮೆ ಹೋಗಲು ನಮಗೇಕೆ ಆಗದು?

ಆದ್ದರಿಂದ ಕೊಡುವ ಮೊದಲು ಕೇಳಿರಿ. ಕಾಪುವಿನಲ್ಲಿ ಮೀನು ಮಾರುವವರಿಗೆ ಐಸ್ ಪೆಟ್ಟಿಗೆ ಬೇಕಾಗಬಹುದು, ಮಣಿಪಾಲದಲ್ಲಿ ಚಹಾ ಮಾರುವವರಿಗೆ ಕೈಗಾಡಿ. ಎಲ್ಲರಿಗೂ ಹೊಲಿಗೆ ಯಂತ್ರವೇ ಮದ್ದಲ್ಲ. ಕೊಟ್ಟ ಮೇಲೆ ಒಂದು ತಿಂಗಳೊಳಗೆ ಹೋಗಿ ನೋಡಿರಿ. ಆದರೆ ಲೆಕ್ಕ ಕೇಳಲು ಹೋಗಬೇಡಿರಿ, ಕಷ್ಟ ಕೇಳಲು ಹೋಗಿರಿ. ಕೊಟ್ಟ ಝಕಾತ್ ಅವರ ಸೊತ್ತು. ಉಪಕಾರವನ್ನು ಎತ್ತಿ ಆಡಿ, ಮನನೋಯಿಸಿ ದಾನವನ್ನು ನಿಷ್ಫಲಗೊಳಿಸಬೇಡಿರೆಂದು ಸೂರಃ ಅಲ್‌ಬಕರಃದ 264ನೇ ಸೂಕ್ತ ಎಚ್ಚರಿಸಿದೆ.

ಆ ಸಹೋದರಿ ಈಗ ನೆರೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಕಳೆದ ರಮಝಾನ್‌ನಲ್ಲಿ ಅವರು ಸಾಲಿನಲ್ಲಿರಲಿಲ್ಲ. ಫಿತ್ರ್ ಝಕಾತ್‌ನ ಅಕ್ಕಿಯನ್ನು ಮಗನ ಕೈಯಲ್ಲಿ ಕಳುಹಿಸಿದ್ದರು.

ಕಳೆದ ವರ್ಷ ನೀವು ಕೊಟ್ಟವರ ಮನೆ ಯಾವುದು? ಈ ವಾರ ಒಮ್ಮೆ ಹೋಗಿ ಬನ್ನಿರಿ. ಇಂದು ಪಡೆಯುವ ಕೈಗಳನ್ನು ಅಲ್ಲಾಹನು ನಾಳೆ ಕೊಡುವ ಕೈಗಳಾಗಿ ಮಾಡಲಿ. ಆಮೀನ್.