ಸೀನು ಎಣಿಸಬೇಡಿ, ಬಟ್ಟಲು ನೋಡಿ

ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ಚಿಂತೆಯಿಲ್ಲ ಎಂದು ಲೆಕ್ಕ ಹಾಕುವ ಅಭ್ಯಾಸ ನಮ್ಮಿಂದ ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ. ಅಮೆರಿಕಕ್ಕೆ ಬಂದ ಹೊಸದರಲ್ಲೇ ಮಕ್ಕಳ ಹಟಕ್ಕೆ ಮಣಿದು ಶೆಲ್ಟರಿನಿಂದ ಬೆಕ್ಕಿನ ಮರಿ ತಂದವರೂ ಎಣಿಸುವುದು ಸೀನನ್ನೇ. ಆದರೆ ಅಪಾಯ ಅಳೆಯಲು ಆ ಎಣಿಕೆ ಸಾಲದು. ಹತ್ತು ಸಲ ಸೀನಿಯೂ ಬಟ್ಟಲು ನೆಕ್ಕಿ ಆಟಕ್ಕೋಡುವ ಮರಿಗಿಂತ, ಎರಡೇ ಸಲ ಸೀನಿ ಊಟ ಮೂಸಿ ಮುಖ ತಿರುಗಿಸುವ ಮರಿಗೆ ಡಾಕ್ಟರ ಅಗತ್ಯ ಹೆಚ್ಚು.

ಬೆಕ್ಕು ವಾಸನೆ ನೋಡಿ ಉಣ್ಣುವ ಪ್ರಾಣಿ. ಮೂಗು ಕಟ್ಟಿದರೆ ಎದುರಿಗಿರುವುದು ಊಟ ಎಂದೇ ಅದಕ್ಕೆ ಅನ್ನಿಸುವುದಿಲ್ಲ. ಎಂಟು ಹತ್ತು ವಾರದ ಮರಿಯ ಮೈಯಲ್ಲಿ ಕೂಡಿಟ್ಟ ಶಕ್ತಿ ಅತ್ಯಲ್ಪ. ಒಂದು ದಿನದ ಉಪವಾಸಕ್ಕೇ ರಕ್ತದ ಸಕ್ಕರೆ ಕುಸಿಯಬಹುದು, ಮೈಯ ನೀರು ಬತ್ತಬಹುದು. ಊದುಬತ್ತಿ, ಸಾಂಬ್ರಾಣಿ, ಒಗ್ಗರಣೆಯ ಘಾಟು, ಲಿಟರ್ ಧೂಳು ಕಾರಣವಾಗಿದ್ದರೆ ಅವನ್ನು ದೂರವಿಟ್ಟೊಡನೆ ಸೀನು ಇಳಿಯುತ್ತದೆ. ಇಳಿಯದಿದ್ದರೆ ಬಹುಪಾಲು ಅದು ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್‌ನ ಕೆಲಸ. ಬೆಕ್ಕಿನ ಹರ್ಪಿಸ್ ಒಮ್ಮೆ ಹೊಕ್ಕರೆ ನರಗಳಲ್ಲಿ ಅಡಗಿ ಕೂತು, ಮನೆ ಬದಲಾದ ಗಾಬರಿಯಂಥ ನೆಪ ಸಿಕ್ಕಾಗ ಮತ್ತೆ ತಲೆಯೆತ್ತುತ್ತದೆ. ಕ್ಯಾಲಿಸಿ ನಾಲಿಗೆಯ ಮೇಲೆ ಹುಣ್ಣು ತರುತ್ತದೆ. ಹಸಿವಿದ್ದರೂ ಮರಿ ತಿನ್ನಲಾರದು. 6–8 ವಾರಕ್ಕೆ ಶುರುಮಾಡಿ 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಹಾಕಿಸುವ ಲಸಿಕೆ ಈ ಎರಡರ ಉಗ್ರತೆಯನ್ನು ತಗ್ಗಿಸುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಲಸಿಕೆಯ ಕಾಗದ ಕೈಯಲ್ಲಿದೆಯೆಂದು ನಿಶ್ಚಿಂತರಾಗುವಂತಿಲ್ಲ.

‘ಊರಲ್ಲಿ ಬೆಕ್ಕಿಗೆ ಯಾರು ಡಾಕ್ಟರನ್ನು ತೋರಿಸುತ್ತಿದ್ದರು? ತಾವೇ ಸುಧಾರಿಸಿಕೊಳ್ಳುತ್ತಿದ್ದವಲ್ಲ’ ಎಂಬ ಮಾತು ಬಂದೇ ಬರುತ್ತದೆ. ಹಿತ್ತಲಲ್ಲಿ ಸುಧಾರಿಸಿಕೊಂಡವು ನಮ್ಮ ನೆನಪಿನಲ್ಲಿವೆ. ಅಟ್ಟದ ಮೂಲೆಯಲ್ಲಿ ಸತ್ತವನ್ನು ಎಣಿಸಿದವರಿಲ್ಲ. ಆದರೂ ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಂಡು ಆಡಿಕೊಂಡಿರುವ ಮರಿಯ ಹಗುರ ನೆಗಡಿ ವಾರ ಹತ್ತು ದಿನದಲ್ಲಿ ಸಾಮಾನ್ಯವಾಗಿ ತಾನೇ ಹೋಗುತ್ತದೆ, ವೈರಸ್‌ಗೆ ಆಂಟಿಬಯಾಟಿಕ್ ನಾಟುವುದೂ ಇಲ್ಲ. ಅಷ್ಟು ದಿನ ಮೂಗೊರೆಸಿ, ಬಿಸಿನೀರು ಬಿಟ್ಟ ಬಚ್ಚಲುಮನೆಯ ಹಬೆಯಲ್ಲಿ ಸ್ವಲ್ಪ ಹೊತ್ತು ಜೊತೆಗೆ ಕೂತು, ವಾಸನೆ ಏಳುವಂತೆ ಊಟವನ್ನು ಬೆಚ್ಚಗೆ ಮಾಡಿ ಕೊಟ್ಟರೆ ಸಾಕು. ಸೂಟ್‌ಕೇಸಿನಲ್ಲಿ ತಂದ ಮಾತ್ರೆ, ಮುಲಾಮುಗಳನ್ನು ಮಾತ್ರ ಮುಟ್ಟಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಕೊಲ್ಲಬಹುದು. ಇಲ್ಲಿ ಅದೇ ಔಷಧ ಟೈಲೆನಾಲ್ ಹೆಸರಿನಲ್ಲಿರುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ ಇರುವ ವಿಕ್ಸ್ ಕೂಡ ಬೇಡ.

ಖರ್ಚಿನ ಆಕ್ಷೇಪ ಇದಕ್ಕಿಂತ ಗಟ್ಟಿಯದು. ಇಲ್ಲಿ ರಾತ್ರಿಯ ತುರ್ತು ಚಿಕಿತ್ಸೆ ನಿಜಕ್ಕೂ ದುಬಾರಿ, ರೋಗ ಕಾಣಿಸಿದ ಮೇಲೆ ಮಾಡಿಸಿದ ವಿಮೆ ಆ ರೋಗಕ್ಕೆ ಕೊಡುವುದಿಲ್ಲ. ಆದ್ದರಿಂದಲೇ ಹಗಲಲ್ಲೇ ಬಟ್ಟಲು ನೋಡುವುದು ಲಾಭ. ಮರಿ ಅರ್ಧ ದಿನ ಊಟ ಬಿಟ್ಟರೆ ಫೋನ್ ಮಾಡಿ, ಮೊದಲು ಅದನ್ನು ಕೊಟ್ಟ ಶೆಲ್ಟರಿಗೇ ಆದರೂ ಸರಿ. ದತ್ತು ಪಡೆದ ಆರಂಭದ ದಿನಗಳಲ್ಲಿ ನೆಗಡಿಗೆ ತಾವೇ ಚಿಕಿತ್ಸೆ ಕೊಡುವ ಶೆಲ್ಟರುಗಳೂ ಇವೆ. ಸಿಂಬಳ ಹಳದಿ ಅಥವಾ ಹಸಿರಾದರೆ, ಒಂದೇ ಹೊಳ್ಳೆಯಿಂದ ಸುರಿದರೆ, ಸೀನು ಹತ್ತು ದಿನ ದಾಟಿದರೆ ತೋರಿಸಲೇಬೇಕು. ಕಣ್ಣು ಕಿರಿದಾಗಿಸಿಕೊಂಡರೆ ಅದೇ ದಿನ ಹೊರಡಿ, ಹರ್ಪಿಸ್ ಕಾರ್ನಿಯಾಕ್ಕೆ ಹುಣ್ಣು ಮಾಡುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಮಾತ್ರ ಫೋನಿಗೂ ಕಾಯಬೇಡಿ. ಹತ್ತಿರದ ತುರ್ತು ಆಸ್ಪತ್ರೆಯ ವಿಳಾಸವನ್ನು ಇವತ್ತೇ ಹುಡುಕಿ ಫ್ರಿಜ್ಜಿನ ಮೇಲೆ ಅಂಟಿಸಿಡಿ.