ಋಣವಿವಾದದಲ್ಲಿ ಗೃಹಸ್ಥನ ನಡೆ

ಸಾಲವನ್ನು ಪಡೆಯುವುದು ದೋಷವಲ್ಲ. ಪಡೆದುದನ್ನು ಮರೆಯುವುದು ದೋಷ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಧನಿಕನು, ಎಂದರೆ ಸಾಲ ಕೊಟ್ಟವನು, ಸಲ್ಲತಕ್ಕುದಕ್ಕಿಂತ ಹೆಚ್ಚಿನದನ್ನು ಕೇಳಿದಾಗ ಸದ್ಭಕ್ತನಾದ ಗೃಹಸ್ಥನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಚಾರ ಮಾಡಿದವರು ವಿರಳ. ಇಂತಹ ಸಂದರ್ಭದಲ್ಲಿ ಜನರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವರು. ಕೋಪಗೊಂಡವನು ಸಾಲವನ್ನೇ ಇಲ್ಲವೆನ್ನುವನು. ನಾಚಿಕೆಯುಳ್ಳವನು ಊರವರ ಕಿವಿಗೆ ಬೀಳದಿರಲೆಂದು ಕೇಳಿದಷ್ಟನ್ನೂ ಒಪ್ಪಿ ಮತ್ತೊಂದು ಕಾಗದಕ್ಕೆ ರುಜು ಹಾಕುವನು. ಮೊದಲನೆಯವನು ಸುಳ್ಳಾಡಿದನು, ಎರಡನೆಯವನು ಸುಳ್ಳಿಗೆ ರುಜು ಹಾಕಿದನು. ಪಡೆದುದನ್ನು ಪಡೆದೆನೆಂದೂ ಪಡೆಯದುದನ್ನು ಪಡೆಯಲಿಲ್ಲವೆಂದೂ ಒಂದೇ ಬಾಯಲ್ಲಿ ಹೇಳುವುದೇ ನಡೆನುಡಿಗಳು ಒಂದಾದವನ ಮಾರ್ಗ.

ಮಂಡ್ಯ ಸೀಮೆಯ ಗೃಹಸ್ಥರಿಗೆ ಈ ವಿಚಾರವು ದೂರದ್ದಲ್ಲ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಕಬ್ಬು ಈ ಸೀಮೆಯ ಜೀವನವಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪನೆಗೊಂಡಿತು. ಆದರೆ ಕಬ್ಬು ಕೈಗೆ ಬರಲು ಸುಮಾರು ಒಂದು ವರ್ಷ ಬೇಕು. ಹಣ ಕೈಗೆ ಬರಲು ಇನ್ನೂ ಕೆಲವು ತಿಂಗಳು ಕಾಯಬೇಕಾಗಬಹುದು. ಮದ್ದೂರಿನ ಎಳನೀರು ಮಾರುಕಟ್ಟೆಯ ಬೆಲೆ ದಿನದಿನಕ್ಕೂ ಏರಿಳಿಯುವುದು. ಮಳವಳ್ಳಿಯ ಕಡೆ ಮಳೆಯನ್ನು ನಂಬಿದ ಹೊಲವುಂಟು, ರೇಷ್ಮೆಗೂಡಿನ ಅನಿಶ್ಚಿತ ಆದಾಯವುಂಟು. ಆದಾಯವು ವರ್ಷಕ್ಕೆ ಒಂದೆರಡು ಬಾರಿ ಬರುವುದು. ಮದುವೆ, ಕಾಯಿಲೆ, ಕೊಳವೆಬಾವಿ, ಮಕ್ಕಳ ವಿದ್ಯೆ ಇವು ಸುಗ್ಗಿಗಾಗಿ ಕಾಯುವುದಿಲ್ಲ. ಈ ನಡುವಿನ ಅಂತರವನ್ನು ತುಂಬುವುದು ಕೈಸಾಲ. ಕೈಸಾಲವು ನಂಬಿಕೆಯಿಂದ ಹುಟ್ಟುವುದು, ಲೆಕ್ಕವಿಲ್ಲದೆ ಬೆಳೆಯುವುದು, ಜಗಳದಲ್ಲಿ ಮುಗಿಯುವುದು.

ಕೆಲವೊಮ್ಮೆ ಜಗಳಕ್ಕಿಂತ ಘೋರವಾದುದರಲ್ಲಿಯೂ ಮುಗಿಯುವುದುಂಟು. 2015ರಲ್ಲಿ ಸಾಲದ ಭಾರವನ್ನು ತಾಳಲಾರದೆ ಮಂಡ್ಯ ಜಿಲ್ಲೆಯ ಹಲವು ಕಬ್ಬು ಬೆಳೆಗಾರರು ಪ್ರಾಣತ್ಯಾಗ ಮಾಡಿದರು. 2025ರ ಆರಂಭದಲ್ಲಿ ಸಾಲವಸೂಲಿಯ ಕಿರುಕುಳದಿಂದ ಜನರು ಜೀವ ಕಳೆದುಕೊಂಡ ವಾರ್ತೆ ಈ ಜಿಲ್ಲೆಯಿಂದಲೂ ನಾಡಿನ ಬೇರೆ ಕಡೆಗಳಿಂದಲೂ ಬಂದಿತು. ಆದುದರಿಂದ ಇದು ಕೇವಲ ಹಣದ ವಿಷಯವೆಂದು ಉಪೇಕ್ಷಿಸತಕ್ಕುದಲ್ಲ.

ಶರಣರ ಚರಿತ್ರೆಯಲ್ಲಿ ಇದಕ್ಕೆ ಎರಡು ನಿದರ್ಶನಗಳು ದೊರೆಯುತ್ತವೆ. ಮೊದಲನೆಯದು ಆಯ್ದಕ್ಕಿ ಲಕ್ಕಮ್ಮನದು. ಪತಿಯಾದ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದುದನ್ನು ಕಂಡು ಆ ಸಾಧ್ವಿಯು ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಕಳುಹಿದಳು. ತನಗೆ ಸಲ್ಲತಕ್ಕುದರ ಅಳತೆಯನ್ನು ಅವಳು ಬಲ್ಲವಳಾಗಿದ್ದಳು. ಈ ಅಳತೆಯು ಋಣಿಗೆ ಮಾತ್ರವಲ್ಲ, ಧನಿಕನಿಗೂ ಅನ್ವಯಿಸುವುದು. ಸಲ್ಲತಕ್ಕ ಬಡ್ಡಿಯನ್ನು ಮೀರಿ ಬಂದುದು ಧನಿಕನ ಮನೆಯಲ್ಲಿ ಅಧಿಕವಾದ ಅಕ್ಕಿಯೇ ಸರಿ.

ಎರಡನೆಯದು ಬಸವಣ್ಣನವರದು. ಭಂಡಾರದ ಹಣವನ್ನು ಜಂಗಮದಾಸೋಹಕ್ಕೆ ವ್ಯಯ ಮಾಡುತ್ತಿರುವರೆಂದು ಕೆಲವರು ಬಿಜ್ಜಳನಲ್ಲಿ ದೂರಿದಾಗ ಅವರು ಕೋಪಿಸಲೂ ಇಲ್ಲ, ಓಡಲೂ ಇಲ್ಲ, ಲೆಕ್ಕವನ್ನು ಒಪ್ಪಿಸಿದರು. ಎಣಿಸಿದಾಗ ಭಂಡಾರದಲ್ಲಿ ಕೊರತೆ ಕಾಣಲಿಲ್ಲವೆಂದು ಬಸವಪುರಾಣದ ಕಥನ. ಭೀಮಕವಿಯು 1369ರಲ್ಲಿ ಕನ್ನಡದಲ್ಲಿ ರಚಿಸಿದ ಆ ಪುರಾಣವನ್ನು ಮಠಗಳಲ್ಲಿ ಕೇಳಿದ ಭಕ್ತರು ಅದರ ಪವಾಡವನ್ನು ನೆನೆಯುವರು. ಪವಾಡದ ಹಿಂದಿರುವ ನೀತಿಯನ್ನೂ ನೆನೆಯಬೇಕು. ಆರೋಪಕ್ಕೆ ಉತ್ತರವು ಶಪಥವಲ್ಲ, ಲೆಕ್ಕ.

ಲೆಕ್ಕವನ್ನು ಹೇಗೆ ಇಡಬೇಕೆಂಬುದನ್ನು ಪ್ರಾಚೀನರೇ ವಿಧಿಸಿದ್ದಾರೆ. ಶರಣರಿಗಿಂತ ಸ್ವಲ್ಪ ಮುಂಚೆ ಅದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ಋಣಪ್ರಕರಣದ ಅಭಿಪ್ರಾಯ ಹೀಗಿದೆ. ಸಾಲವನ್ನು ಕಂತುಕಂತಾಗಿ ತೀರಿಸುವವನು ಪ್ರತಿ ಸಲವೂ ಕೊಟ್ಟುದನ್ನು ಪತ್ರದ ಹಿಂಬದಿಯಲ್ಲಿ ಬರೆಯಬೇಕು, ಇಲ್ಲವೆ ಧನಿಕನು ಸ್ವಹಸ್ತದಿಂದ ರಶೀದಿ ಕೊಡಬೇಕು. ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿಯಬೇಕು, ಇಲ್ಲವೆ ಬಿಡುಗಡೆಯ ಪತ್ರ ಬರೆಸಿಕೊಳ್ಳಬೇಕು. ಸಾಕ್ಷಿಗಳ ಮುಂದೆ ತಂದ ಸಾಲವನ್ನು ಸಾಕ್ಷಿಗಳ ಮುಂದೆಯೇ ತೀರಿಸಬೇಕು. ಒಂಬೈನೂರು ವರ್ಷಗಳ ಹಿಂದೆ ಕನ್ನಡ ನಾಡಿನ ರಾಜಧಾನಿಯಲ್ಲಿ ವ್ಯಾಖ್ಯಾನಗೊಂಡ ಈ ಮೂರು ಮಾತುಗಳನ್ನು ಪಾಲಿಸಿದ್ದರೆ ಇಂದಿನ ವಿವಾದಗಳಲ್ಲಿ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ.

ಈಗ ಒಂದು ಕಲ್ಪಿತ ದೃಷ್ಟಾಂತವನ್ನು ನೋಡಬಹುದು. ಮಳವಳ್ಳಿ ಕಡೆಯ ಗೃಹಸ್ಥನೊಬ್ಬನು ಮಗಳ ಮದುವೆಗಾಗಿ ಪರಿಚಿತ ಲೇವಾದೇವಿಗಾರನಿಂದ 50,000 ರೂಪಾಯಿ ಪಡೆದನು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮೊತ್ತ ಬರೆಯದ ಪ್ರಾಮಿಸರಿ ನೋಟಿಗೆ ರುಜು ಹಾಕಿದನು. ಎರಡು ವರ್ಷ ತಪ್ಪದೆ ತಿಂಗಳಿಗೆ 1,500ರಂತೆ 36,000 ರೂಪಾಯಿ ಕೊಟ್ಟನು, ರಶೀದಿ ಕೇಳಲಿಲ್ಲ. ಮುಂದೆ ಕಂತು ತಪ್ಪಿತು. ಆಗ ಧನಿಕನು ನೋಟಿನಲ್ಲಿ ಒಂದು ಲಕ್ಷವೆಂದು ತುಂಬಿ ವಕೀಲರಿಂದ ನೋಟೀಸು ಕಳುಹಿಸಿದನು.

‘ನೂರಕ್ಕೆ ಮೂರು’ ಎಂಬ ಮಾತು ಕಿವಿಗೆ ಚಿಕ್ಕದು. ವರ್ಷಕ್ಕೆ ಅದು ನೂರಕ್ಕೆ 36. 1961ರ ಕರ್ನಾಟಕ ಲೇವಾದೇವಿಗಾರರ ಅಧಿನಿಯಮದ ಮೇರೆಗೆ ಸರ್ಕಾರವು ಗೊತ್ತುಪಡಿಸಿದ ಮಿತಿಯು ಆಧಾರವಿರುವ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14, ಆಧಾರವಿಲ್ಲದ ಸಾಲಕ್ಕೆ 16. ಇದನ್ನು ಮೀರಿ ಸುಲಿಯುವುದು 2004ರ ಮಿತಿಮೀರಿದ ಬಡ್ಡಿ ನಿಷೇಧ ಅಧಿನಿಯಮದಂತೆ ಶಿಕ್ಷಾರ್ಹ. ಮಿತಿಯಂತೆ ಎರಡು ವರ್ಷಕ್ಕೆ ಸಲ್ಲತಕ್ಕ ಬಡ್ಡಿ 16,000. ಕೊಟ್ಟುದು 36,000. ಹೆಚ್ಚಾದ 20,000ವನ್ನು ಅಸಲಿಗೆ ಹಿಡಿದರೆ ಉಳಿಯುವುದು ಸ್ಥೂಲವಾಗಿ 30,000. ಹೀಗಿರುವಲ್ಲಿ ಗೃಹಸ್ಥನು ‘ಕೊಡಬೇಕಾದುದೇನೂ ಇಲ್ಲ’ ಎಂದರೂ ಸುಳ್ಳು; ‘ಒಂದು ಲಕ್ಷ ಕೊಡುವೆನು’ ಎಂದರೂ ಸುಳ್ಳು.

ಅವನು ಮಾಡತಕ್ಕುದೇನು? ಮೊದಲು, ನೋಟೀಸನ್ನು ತಿರಸ್ಕರಿಸಬಾರದು. ಅಂಚೆಯವನನ್ನು ಹಿಂದಕ್ಕೆ ಕಳುಹಿಸಿದ ಮಾತ್ರಕ್ಕೆ ನೋಟೀಸು ಮುಟ್ಟಲಿಲ್ಲವೆಂದು ಆಗುವುದಿಲ್ಲ. ಸಾಲಕ್ಕೆ ಚೆಕ್ಕು ಕೊಟ್ಟು ಅದು ಬ್ಯಾಂಕಿನಿಂದ ಹಿಂದಿರುಗಿದ್ದರೆ ನೋಟೀಸು ತಲುಪಿದ 15 ದಿನಗಳೊಳಗೆ ಎಚ್ಚರಗೊಳ್ಳಬೇಕು. ಆ ಅವಧಿ ಕಳೆದರೆ ಕ್ರಿಮಿನಲ್ ಮೊಕದ್ದಮೆಗೆ ದಾರಿಯಾಗುವುದು. ಎರಡನೆಯದಾಗಿ, ಯಾವ ದಿನ ಎಷ್ಟು ಪಡೆದುದು, ಎಷ್ಟು ಕೊಟ್ಟುದು, ಯಾರ ಎದುರಿಗೆ, ಬ್ಯಾಂಕಿನ ಮೂಲಕವೋ ಕೈಯಿಂದಲೋ ಎಂಬುದನ್ನೆಲ್ಲ ಮನೆಯವರೊಡನೆ ಕುಳಿತು ಬರೆಯಬೇಕು. ಮೂರನೆಯದಾಗಿ, ಆ ಲೆಕ್ಕವನ್ನೇ ವಕೀಲರ ಮೂಲಕ ಉತ್ತರವಾಗಿ ಕಳುಹಿಸಬೇಕು. ಧನಿಕನ ಲೆಕ್ಕವನ್ನೂ ಕೇಳಬೇಕು. ಲೇವಾದೇವಿಯನ್ನೇ ವೃತ್ತಿಯಾಗಿ ಮಾಡುವವನು ಪರವಾನಗಿ ಪಡೆದಿರಬೇಕು, ಲೆಕ್ಕಪುಸ್ತಕ ಇಡಬೇಕು, ರಶೀದಿ ಕೊಡಬೇಕು ಎಂದು 1961ರ ಅಧಿನಿಯಮವು ವಿಧಿಸುವುದು. ಒಮ್ಮೆ ಸ್ನೇಹದಿಂದ ಕೊಟ್ಟ ನೆರೆಯವನಿಗೆ ಈ ಪರವಾನಗಿಯ ನಿಯಮವು ಅನ್ವಯಿಸುವುದಿಲ್ಲವೆಂಬುದನ್ನೂ ಮರೆಯಬಾರದು. ನಾಲ್ಕನೆಯದಾಗಿ, ವಿವಾದ ತೀರುವವರೆಗೆ ಹೊಸ ಕಾಗದಕ್ಕೆ ರುಜು ಹಾಕಬಾರದು. ಖಾಲಿ ನೋಟಿಗೆ ಹಾಕಿದ ರುಜುವು ಅದನ್ನು ತುಂಬುವ ಅಧಿಕಾರವನ್ನು ಕೊಟ್ಟಂತೆ ಕಾನೂನಿನಲ್ಲಿ ಮೇಲ್ನೋಟಕ್ಕೆ ಎಣಿಕೆಯಾಗುವುದು. ಅದನ್ನು ಅಲ್ಲಗಳೆಯುವ ಹೊರೆ ರುಜು ಹಾಕಿದವನ ಮೇಲೆ ಬೀಳುವುದು.

ವಕೀಲರ ವೆಚ್ಚಕ್ಕೆ ಶಕ್ತಿಯಿಲ್ಲದವರು ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನಾಗಲಿ, ಮದ್ದೂರು ಮಳವಳ್ಳಿಗಳ ನ್ಯಾಯಾಲಯಗಳಲ್ಲಿರುವ ತಾಲ್ಲೂಕು ಸಮಿತಿಗಳನ್ನಾಗಲಿ ಆಶ್ರಯಿಸಬಹುದು. 15100 ದೂರವಾಣಿಯಲ್ಲಿಯೂ ಸಲಹೆ ದೊರೆಯುವುದು. ಉಭಯರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿಯ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ, ನ್ಯಾಯಾಲಯದ ಶುಲ್ಕವೂ ಹಿಂದಿರುಗುವುದು. ಮನೆಯ ಮುಂದೆ ನಿಂತು ಬೆದರಿಸುವುದು, ಹಿಂಬಾಲಿಸುವುದು, ಹೊರಗಿನವರನ್ನು ಕಳುಹಿಸಿ ಪೀಡಿಸುವುದು ಇವುಗಳನ್ನು ತಡೆಯಲು ಕಿರುಸಾಲ ಮತ್ತು ಸಣ್ಣ ಸಾಲಗಳ ವಿಷಯದಲ್ಲಿ 2025ರಲ್ಲಿ ಕರ್ನಾಟಕವು ಪ್ರತ್ಯೇಕ ಶಾಸನವನ್ನು ಮಾಡಿತು. ಅದರಲ್ಲಿ ಹತ್ತು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯುಂಟು. ಪೊಲೀಸರಿಗೆ ದೂರು ಕೊಡುವುದು ಕೃತಘ್ನತೆಯಲ್ಲ. ಸಾಲವು ಹಣದ ಮೇಲಣ ಹಕ್ಕೇ ಹೊರತು ಮನೆಯವರ ಮಾನದ ಮೇಲಣ ಹಕ್ಕಲ್ಲ.

ಒಂದು ಸೂಕ್ಷ್ಮವು ಉಳಿಯಿತು. 1963ರ ಕಾಲಮಿತಿ ಅಧಿನಿಯಮದಂತೆ ಕೈಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ. ಆ ಅವಧಿಯೊಳಗೆ ಋಣಿಯು ಬರೆದುಕೊಟ್ಟು ರುಜು ಮಾಡಿದ ಒಪ್ಪಿಗೆಯಿಂದ ಹೊಸ ಅವಧಿ ಆರಂಭವಾಗುವುದು. ಧನಿಕನು ಮೂರು ವರ್ಷ ಸುಮ್ಮನಿದ್ದನಾದರೆ ಸಾಲ ಹೋಯಿತೆಂದು ಕೆಲವರು ಸಂತೋಷಿಸುವರು. ಮುಚ್ಚುವುದು ನ್ಯಾಯಾಲಯದ ಬಾಗಿಲು ಮಾತ್ರ. ಕಷ್ಟಕಾಲದಲ್ಲಿ ಕೈ ಹಿಡಿದವನ ಅಸಲು ಕಾಲಾವಧಿಯಿಂದ ತೀರುವುದಿಲ್ಲ, ಕಾಯಕದಿಂದ ತೀರಬೇಕು. ಅಧಿಕವಾದುದನ್ನು ನಿರಾಕರಿಸುವ ಹಕ್ಕು ಅಸಲನ್ನು ಒಪ್ಪಿದವನಿಗೆ ಶೋಭಿಸುವುದು.

ಕೊನೆಯದಾಗಿ, ಋಣವನ್ನು ಮನೆಯವರಿಂದ ಮರೆಮಾಡಬಾರದು. ಮಾರಯ್ಯನಿಗೆ ಲಕ್ಕಮ್ಮನು ಎಚ್ಚರಿಕೆಯಾದಳು. ತಂದುದನ್ನು ಅವನು ಅವಳಿಂದ ಮುಚ್ಚಿಡದಿದ್ದುದರಿಂದಲೇ ಅದು ಸಾಧ್ಯವಾಯಿತು. ಸಾಲದ ಕಾಗದವು ಪೆಟ್ಟಿಗೆಯ ತಳದಲ್ಲಿದ್ದಷ್ಟು ದಿನ ಅದರ ಭಾರವನ್ನು ಒಬ್ಬನೇ ಹೊರುವನು. ಹೊರಲಾರದೆ ಅನರ್ಥವನ್ನು ಯೋಚಿಸುವನು. ಅಂತಹ ಯೋಚನೆ ಬಂದಾಗ ಹತ್ತಿರದವರೊಡನೆಯಾಗಲಿ, 14416 ಸಂಖ್ಯೆಯ ಟೆಲಿಮಾನಸ್ ಸೇವೆಯವರೊಡನೆಯಾಗಲಿ ಕೂಡಲೇ ಮಾತನಾಡಬೇಕು. ಯಾವ ಸಾಲಕ್ಕೂ ಪ್ರಾಣವು ಅಡವಲ್ಲ. ಈ ದಿನ ಸಂಜೆ ಪೂಜೆಯಾದ ಮೇಲೆ ಗೃಹಸ್ಥನು ಮಡದಿಮಕ್ಕಳನ್ನು ಕರೆದು, ಪಡೆದುದನ್ನೂ ಕೊಟ್ಟುದನ್ನೂ ಒಂದು ಹಾಳೆಯಲ್ಲಿ ಬರೆಯಲಿ. ಋಣವಿಮೋಚನೆಯು ಅಲ್ಲಿಂದ ಆರಂಭವಾಗುವುದು.